ಎರಡು ದಂಡೆಯ ದುಗುಲ

ಉಮಾಮಹೇಶ್ವರ ಅವರ ಪಾಂಡಿತ್ಯದ ಬಗ್ಗೆ ಅನಸೂಯಾಳಿಗೆ ಕವಡೆ ಕಾಸಿನ ಗೌರವವೂ ಇರಲಿಲ್ಲ. ತಿರುವನಂತಪುರದ ಕೇಂದ್ರ ಸರ್ಕಾರಿ ಕಚೇರಿಯೊಂದರಲ್ಲಿ ಅವರು ಸೂಪರಿಂಟೆಂಡೆಂಟ್, ಅವಳು ಗುಮಾಸ್ತೆ. ಮೈಸೂರಿನವರು, ಊರಿನ ಕನ್ನಡ ಕೂಟಕ್ಕೂ ಅವರೇ ಅಧ್ಯಕ್ಷರು. ಕಾಸರಗೋಡಿನ ಅನಸೂಯಾ "ಉಂಟು" ಅಂದಾಗಲೆಲ್ಲ ಮೂಗು ಮುರಿದು, "ಅರ್ಧ ಮಲಯಾಳ ಕಣಮ್ಮ ನಿನ್ನದು" ಎನ್ನುತ್ತಿದ್ದರು. ಎಂಟು ವರ್ಷ ಇಲ್ಲೇ ಇದ್ದೂ ಮಲಯಾಳ ಬಾರದೆ ಚಾಲೈ ಪೇಟೆಯಲ್ಲಿ ತೆಂಗಿನಕಾಯಿಗೆ ಬೆರಳು ತೋರಿಸುವ ಮನುಷ್ಯ!

೧೯೬೮ರಲ್ಲಿ ಕೊಚ್ಚಿಯ ಕನ್ನಡಿಗರು ಅವರನ್ನು ಭಾಷಣಕ್ಕೆ ಕರೆದರು. ಹಳಗನ್ನಡ ಕಾವ್ಯಗಳಲ್ಲಿ ಬಟ್ಟೆಗೆ ಬಳಸುವ 'ದುಗುಲ' ಎಂಬ ಮಾತೇ ವಿಷಯ. ಅನಸೂಯಾಳ ಅಕ್ಷರ ಚೆಂದವೆಂದು ನಕಲು ಮಾಡುವ ಕೆಲಸ ಅವಳಿಗೇ ಬಿತ್ತು. ದುಗುಲ ಸಂಸ್ಕೃತದ ದುಕೂಲದಿಂದ ಬಂತು ಎಂದಿದ್ದರು, ಇರಲಿ. ಆಮೇಲೆ, 'ದು' ಎಂದರೆ ಎರಡು, 'ಕೂಲ' ಎಂದರೆ ದಂಡೆ, ಆದ್ದರಿಂದ ಎರಡೂ ಕಡೆ ಅಂಚಿರುವ ಮೈಸೂರು ರೇಷ್ಮೆ ಸೀರೆಯೇ ದುಗುಲವಂತೆ! ಅವಳು ಗ್ರಂಥಾಲಯಕ್ಕೆ ಹೋಗಿ ನಿಘಂಟುಗಳನ್ನು ತೆರೆದು ನೋಡಿ ಬಂದಳು.

"ಸರ್, ದುಕೂಲ ಅಂದ್ರೆ ಒಂದು ಗಿಡ. ಅದರ ತೊಗಟೆಯ ನಾರಿನಿಂದ ನೇಯ್ದ ನಯವಾದ ಬಟ್ಟೆಗೂ ಅದೇ ಹೆಸರು. ರೇಷ್ಮೆ ಅನ್ನುವ ಅರ್ಥ ಆಮೇಲಿನದ್ದು. ಮಲಯಾಳದಲ್ಲಿ ಬಟ್ಟೆಗೆ 'ತುಗಿಲ್' ಅಂತ ಹಳೆಯ ಮಾತು ಉಂಟು. ಸಂಸ್ಕೃತವೇ ಅದನ್ನು ನಮ್ಮ ದಕ್ಷಿಣದ ಭಾಷೆಗಳಿಂದ ತಕ್ಕೊಂಡದ್ದು ಅನ್ನುವವರೂ ಇದ್ದಾರೆ."

"ರಾಜರು ತೊಗಟೆ ಉಡ್ತಿದ್ರಾ? ಬರೆದದ್ದನ್ನ ನಕಲು ಮಾಡಮ್ಮ, ಸಾಕು."

ಕೊಚ್ಚಿಯ ಸಭೆಗೆ ಅನಸೂಯಾಳೂ ಹೋಗಿದ್ದಳು. ಅಲ್ಲಿ ಉಮಾಮಹೇಶ್ವರ ಹೆಂಡತಿ ಕುಸುಮಾವತಿಯನ್ನೇ ವೇದಿಕೆಗೆ ಕರೆದರು. ಆ ಸೆಕೆಯಲ್ಲಿ ಭಾರದ ರೇಷ್ಮೆ ಸೀರೆ ಉಟ್ಟು ಆಕೆ ಬೆವರುತ್ತಿದ್ದರು. "ಇದು ಒಂದು ದಂಡೆ. ತಿರುಗು. ಇದು ಇನ್ನೊಂದು!" ಜನ ನಕ್ಕರು. ಆಕೆ ತಲೆ ತಗ್ಗಿಸಿದರು. ಸಂತೆಯಲ್ಲಿ ದನ ತೋರಿಸುವವನಿಗೂ ಇದಕ್ಕಿಂತ ಮರ್ಯಾದೆ ಇರುತ್ತದೆ ಎನ್ನಿಸಿತು ಅನಸೂಯಾಳಿಗೆ.

ಸಭಿಕರ ನಡುವಿನಿಂದ ವಕೀಲ ದಾಮೋದರ ಎದ್ದು ನಿಂತರು. "ಸಂಸ್ಕೃತದಲ್ಲಿ ಎರಡಕ್ಕೆ 'ದ್ವಿ' ಅಲ್ಲವಾ ಮಾರಾಯ್ರೆ? ಈ 'ದು' ಎಲ್ಲಿಂದ ಬಂತು?"

ಉಮಾಮಹೇಶ್ವರ ಹಾಳೆ ತಿರುವಿದರು, ಕೆಮ್ಮಿದರು. ಕೊನೆಗೆ ಅನಸೂಯಾಳತ್ತ ಕೈ ತೋರಿಸಿ, "ನಕಲು ಮಾಡಿದವರ ತಪ್ಪು" ಅಂದರು.

ಅವಳು ಎದ್ದಳು. "ನಕಲಿನಲ್ಲಿ ತಪ್ಪಿಲ್ಲ. ಅವರು ಬರೆದದ್ದೇ ಹಾಗೆ." ಗಿಡ, ನಾರು, ತುಗಿಲ್ ಎಲ್ಲವನ್ನೂ ತನ್ನ ಕಾಸರಗೋಡಿನ ಕನ್ನಡದಲ್ಲೇ ಹೇಳಿದಳು. ಸಭೆ ಚಪ್ಪಾಳೆ ತಟ್ಟಿತು. ಕುಸುಮಾವತಿ ಗಂಡನ ಅಪ್ಪಣೆಗೆ ಕಾಯದೆ ವೇದಿಕೆಯಿಂದ ಇಳಿದು ಬಂದು ಅವಳ ಪಕ್ಕದಲ್ಲಿ ಕುಳಿತರು.

ಸೋಮವಾರ ಉಮಾಮಹೇಶ್ವರ ಹೊಸ ಹಾಳೆಗಳನ್ನು ಅವಳ ಮೇಜಿನ ಮೇಲಿಟ್ಟರು. ಕೂಟದ ಪತ್ರಿಕೆಗಂತೆ. ಅದರಲ್ಲಿ ಗಿಡವಿತ್ತು, ನಾರಿತ್ತು, ತುಗಿಲ್ ಇತ್ತು. 'ಇದು ನನ್ನ ಹತ್ತು ವರ್ಷಗಳ ಸಂಶೋದನೆ' ಎಂದೂ ಇತ್ತು.

ಅನಸೂಯಾ ಒಂದಕ್ಷರವನ್ನೂ ತಿದ್ದದೆ, ಆ 'ಸಂಶೋದನೆ'ಯನ್ನೂ ಹಾಗೆಯೇ ದುಂಡಗೆ ಬರೆದುಕೊಟ್ಟಳು.