ಏಳನೇ ಕಾಲಂ

ಹಾ, ಠಪ್, ಹಾ, ಠಪ್ — ಕೌಂಟರಿನ ಮೇಡಂ ಮೊಹರಿನ ಮೇಲೆ ಬಾಯಿಂದ ಆವಿ ಊದಿ ಒತ್ತುತ್ತಿದ್ದಾರೆ, ಇಂಕ್ ಪ್ಯಾಡ್ ಒಣಗಿರಬೇಕು, ಅವರ ಹಾ ಕೆಳಸ್ವರದ್ದು, ಕೊನೆಯಲ್ಲಿ ಸ್ವಲ್ಪ ಗೊರಗೊರ, ನಾಳೆಗೆ ಗಂಟಲು ಕಟ್ಟುತ್ತದೆ, ನನಗೆ ಗೊತ್ತಾಗುತ್ತದೆ, ಹದಿನೇಳು ವರ್ಷ ಬಸ್ ನಿಲ್ದಾಣದ ಮೈಕಿನ ಮುಂದೆ ಕೂತವನು ನಾನು, ಪ್ರಯಾಣಿಕರ ಗಮನಕ್ಕೆ, ವಕೀಲರ ಮೇಲೆ ದೂರು ಕೊಡುವವರು ಮೂರನೇ ಕೌಂಟರಿಗೆ ಬರತಕ್ಕದ್ದು, ದೂರು ಕೊಡೋಕೆ ಇಷ್ಟು ದೂರ ಬರಬೇಕಾಯಿತೇ — ಥೂ, ಈ ಹೊತ್ತಿನಲ್ಲೂ ನಾಲಿಗೆಗೆ ಚೇಷ್ಟೆ. ಗಡಿಯಾರದಲ್ಲಿ ಮೂರೂ ಇಪ್ಪತ್ತು. ನಾಲ್ಕಕ್ಕೆ ಕಿಟಕಿ ಹಾಕುತ್ತಾರೆ, ನಾಳೆಯಿಂದ ಹದಿನೈದು ದಿನ ರಜೆ, ನನ್ನ ಮುಂದೆ ಇನ್ನೂ ಇಬ್ಬರು. ನನಗೆ ಬೇಕಾದದ್ದು ಒಂದೇ, ನನ್ನ ದೂರಿನ ಪ್ರತಿಯ ಮೇಲೆ ಆ ಠಪ್, ಅದರ ಫೋಟೋ ತೆಗೆದು ಕಳಿಸಬೇಕು, ಪಿಟೀಲು ನೋಡಬೇಕು, ಅಪ್ಪ ನನ್ನನ್ನು ಬಿಟ್ಟುಕೊಡಲಿಲ್ಲ ಅಂತ ಅವಳಿಗೆ ಗೊತ್ತಾಗಬೇಕು. ಪಿಟೀಲು ಅಂದರೆ ನನ್ನ ಮಗಳು, ಹುಟ್ಟಿದ ಗಳಿಗೆಯಲ್ಲೇ ಎಂಥ ಎತ್ತರದಲ್ಲಿ ಕುಂಯ್ ಅಂದಳೆಂದರೆ ನರ್ಸಮ್ಮ ಕಿವಿ ಮುಚ್ಚಿಕೊಂಡರು, ಈಗ ಹನ್ನೆರಡು ವರ್ಷ, ಊಟಕ್ಕೆ ಕೂತರೆ ಅಪ್ಪಾ ಅನೌನ್ಸ್ ಮಾಡು ಅನ್ನುತ್ತಾಳೆ, ಅನ್ನುತ್ತಿದ್ದಳು, ದಯವಿಟ್ಟು ಗಮನಿಸಿ, ತಟ್ಟೆಯ ಎಡಬದಿಯ ತರಕಾರಿ ಇನ್ನು ಕೆಲವೇ ನಿಮಿಷಗಳಲ್ಲಿ ಹೊಟ್ಟೆಗೆ ಹೊರಡಲಿದೆ.

ಭಾನುವಾರಗಳು ನನ್ನವು. ಅವಳಮ್ಮ ಮತ್ತು ನಾನು ಬೇರೆಯಾದಾಗ ಕೋರ್ಟು ಹಾಗೆಂದು ಬರೆದುಕೊಟ್ಟಿತ್ತು, ವಾರಕ್ಕೊಂದು ಭಾನುವಾರ, ಬೆಳಿಗ್ಗೆ ಹತ್ತರಿಂದ ಸಂಜೆ ಆರು. ಆಮೇಲೆ ಅವಳಮ್ಮನಿಗೆ ಕಡಲಾಚೆ ಕೆಲಸ ಸಿಕ್ಕಿತು, ಮಗಳನ್ನೂ ಕರೆದೊಯ್ಯಲು ಒಪ್ಪಿಗೆ ಕೇಳಿ ಅರ್ಜಿ ಹಾಕಿದಳು, ನಾನು ಆಗುವುದಿಲ್ಲ ಅನ್ನಲು ವಕೀಲರನ್ನು ಹಿಡಿದೆ. ಲಾಯರ್ ಅನ್ನುವುದರಲ್ಲೇ ಲಾಯ ಇದೆ, ಕುದುರೆ ಹೋಗಿ ತಾನೇ ಕಟ್ಟಿಸಿಕೊಂಡಿತು. ಎಂಥ ಧ್ವನಿ ಅವರದು, ಬೆಣ್ಣೆ ಸವರಿದ ಹಾಗೆ, ನೀವು ಶಿಫ್ಟ್ ಕೆಲಸದವರು ಅಲ್ವಾ, ಮೈಕ್ ಬಿಟ್ಟು ಒಂದೊಂದು ಸೈನಿಗೂ ಓಡಿ ಬರೋಕಾಗತ್ತಾ, ಈಗಲೇ ಹಾಕ್ಬಿಡಿ ಒಂದೈದು ಹಾಳೆಗೆ, ಟೈಪು ನಮ್ಮ ಗುಮಾಸ್ತ ಆಮೇಲೆ ಮಾಡ್ಕೋತಾನೆ. ಖಾಲಿ ಹಾಳೆಗಳು. ಬಲಮೂಲೆಯಲ್ಲಿ ಪೆನ್ಸಿಲಿನ ಚಿಕ್ಕ ಗುಣಾಕಾರದ ಗುರುತು, ಇಲ್ಲಿ, ಇಲ್ಲಿ, ಇಲ್ಲಿ. ನನಗೂ ಖುಷಿಯೇ ಆಗಿತ್ತು, ಸುಳ್ಳು ಹೇಳಬಾರದು, ನಾಲ್ಕು ದಿನದ ರಜೆ ಉಳಿಯಿತು, ಭಾನುವಾರಗಳಿಗೆ ಇಟ್ಟುಕೊಂಡರಾಯಿತು ಅಂದುಕೊಂಡೆ, ಮೂರೂವರೆಯ ಬಸ್ಸು ಕೂಗಬೇಕಿತ್ತು, ಐದೂ ಹಾಳೆಗೆ ನಿಂತುಕೊಂಡೇ ಗೀಚಿದೆ, ಕೊನೆಯಕ್ಷರದ ಬಾಲವನ್ನು ಸುತ್ತಿ ಸುತ್ತಿ ಕೆಳಗೆ ಎಳೆದು — ಆ ಬಾಲವೇ ಬೇಡವಾಗಿತ್ತು. ಆಮೇಲೆ ಫೋನು ಮಾಡಿದಾಗಲೆಲ್ಲ ಡೇಟ್ ಮುಂದೆ ಹೋಗಿದೆ ಸಾರ್, ನಡೀತಿದೆ ಸಾರ್, ನೀವು ಆರಾಮಾಗಿರಿ ಸಾರ್, ಗುಮಾಸ್ತನ ಮೂಗಿನ ದನಿ, ನಾನು ಡಿಪೋದಲ್ಲಿ ಅದನ್ನು ಮಾಡಿ ತೋರಿಸುತ್ತಿದ್ದೆ, ಡ್ರೈವರುಗಳು ಬಿದ್ದು ಬಿದ್ದು ನಗುತ್ತಿದ್ದರು, ನಗಿಸುತ್ತಲೇ ಇದ್ದೆ, ಅತ್ತ ಕೇಸು ಮುಗಿದೇ ಹೋಗಿತ್ತು.

ಮುಂದೆ ಹೋಗಿ ಸ್ವಾಮಿ, ಹಿಂದಿನಿಂದ ಕೊಡೆಯ ತುದಿ ಬೆನ್ನಿಗೆ ತಾಗುತ್ತದೆ, ರಿಟೈರಾದ ಮೇಷ್ಟ್ರಂತೆ, ತಮ್ಮದೇ ವಕೀಲನ ಮೇಲೆ ಇದು ಮೂರನೇ ಸಲ ದೂರು, ಎರಡು ಸಲ ವಾಪಸ್ಸು ಬಂತಂತೆ, ಒಂದು ಹೆಜ್ಜೆ ಮುಂದೆ, ಈಗ ಒಬ್ಬರೇ ಉಳಿದರು, ಮೂರೂ ನಲವತ್ತು. ಒಂದು ಭಾನುವಾರ ಹತ್ತಕ್ಕೆ ಮಗಳ ಮನೆಗೆ ಹೋದೆ, ಬೀಗ, ಬಾಗಿಲ ಪಕ್ಕ ಚಪ್ಪಲಿ ಗೂಡು ಖಾಲಿ, ಎದುರುಮನೆಯವರು ಅಯ್ಯೋ ನಿಮಗೆ ಹೇಳಿಲ್ವಾ, ಗುರುವಾರವೇ ಹೋದ್ರಲ್ಲ. ಎರಡು ದಿನ ಬಿಟ್ಟು ಮಗಳೇ ವೀಡಿಯೋ ಕಾಲ್ ಮಾಡಿದಳು, ಗುರುತಿಲ್ಲದ ಗೋಡೆ, ಗುರುತಿಲ್ಲದ ದೀಪ, ಕೈಯಲ್ಲಿ ಕಾಗದ, ಅಪ್ಪಾ ಇದನ್ನ ಅಮ್ಮನ ಬ್ಯಾಗಲ್ಲಿ ನೋಡಿದೆ, ಓದ್ತೀನಿ ಕೇಳು, ಮಗಳನ್ನು ಕರೆದುಕೊಂಡು ಹೋಗಲು ನನ್ನ ಅಡ್ಡಿಯೇನೂ ಇಲ್ಲ, ಭಾನುವಾರದ ಭೇಟಿಯ ಹಕ್ಕನ್ನು ಸ್ವಸಂತೋಷದಿಂದ ಬಿಟ್ಟುಕೊಟ್ಟಿದ್ದೇನೆ. ಸ್ವಸಂತೋಷ ಅನ್ನುವುದನ್ನು ಬಿಡಿಸಿ ಬಿಡಿಸಿ ಓದಿದಳು. ಆಮೇಲೆ ಹಾಳೆಯನ್ನು ಕ್ಯಾಮರಾಕ್ಕೆ ಒತ್ತಿ ಹಿಡಿದು ಬಲಮೂಲೆಗೆ ಬೆರಳಿಟ್ಟಳು, ಅರ್ಧ ಕಿತ್ತುಹೋದ ನೀಲಿ ಬಣ್ಣದ ಉಗುರು, ಸಹಿಯ ಬಾಲದ ಮೇಲೆ, ಇದು ನಿಂದೇ ಅಲ್ವಾ. ನಾನು ಏನು ಮಾಡಿದೆ, ಏನು ಮಾಡಿದೆ ನಾನು, ಪ್ರಯಾಣಿಕರ ಗಮನಕ್ಕೆ, ತಾಂತ್ರಿಕ ದೋಷದಿಂದಾಗಿ — ಅಂದೆ. ಅನೌನ್ಸ್‌ಮೆಂಟಿನ ದನಿಯಲ್ಲಿ. ಅವಳು ನಗಲಿಲ್ಲ. ಬೆರಳು ಹಾಗೇ ಇತ್ತು, ಪರದೆ ಕಪ್ಪಾಯಿತು, ಮತ್ತೆ ಫೋನೆತ್ತಿಲ್ಲ. ಅವಳಮ್ಮ ಎತ್ತಿದಳು, ಬಾಯಲ್ಲಿ ಹೇಳಬೇಡ, ನಿನ್ನ ಬಾಯಿ ಯಾರ ದನಿ ಬೇಕಾದರೂ ಮಾಡತ್ತೆ, ನಂಗೂ ಆ ಪೇಪರು ಕೋರ್ಟಲ್ಲೇ ಸಿಕ್ಕಿದ್ದು, ನೀನೇ ಒಪ್ಪಿದೆ ಅಂದ್ಕೊಂಡೆ, ಅಲ್ಲ ಅನ್ನೋದಾದ್ರೆ ಸೀಲಿರೋ ಕಾಗದ ಕಳಿಸು, ಅವಳಿಗೆ ತೋರಿಸ್ತೀನಿ. ಅವಳ ಮಾತಿನಲ್ಲಿ ಮೋಸವಿರಲಿಲ್ಲ, ದಣಿವಿತ್ತು. ವಕೀಲರೋ, ಬೆಣ್ಣೆ ಹಾಗೇ ಇದೆ, ನೋಡಿ ಸಾರ್, ಸೈನ್ ನಿಮ್ಮದೇ ತಾನೇ.

ಕೊಡಿ ಇಲ್ಲಿ, ಮೇಡಂ ಕೈ ಚಾಚಿದ್ದಾರೆ, ಮೂರೂ ಐವತ್ತು, ಹಾಳೆ ತಿರುವಿ, ಏಳನೇ ಕಾಲಂ ಖಾಲಿ ಬಿಟ್ಟಿದ್ದೀರಲ್ಲ. ಖಾಲಿ ಬಿಡುವುದು ನನ್ನ ಹಳೆಯ ಚಾಳಿ ಮೇಡಂ — ಅನ್ನಲಿಲ್ಲ, ನುಂಗಿಕೊಂಡೆ. ಏಳು, ವಿವಾದಕ್ಕೆ ಕಾರಣವಾದ ಕಾಗದದ ಮೇಲಿನ ಸಹಿ ದೂರುದಾರರದೇ, ಹೌದು, ಅಲ್ಲ, ಎರಡು ಪುಟ್ಟ ಚೌಕ. ಮೇಷ್ಟ್ರು ಕಿವಿಯ ಹತ್ತಿರ ಬಾಗುತ್ತಾರೆ, ಅಲ್ಲ ಅಂತ ಹಾಕ್ರೀ, ಫೋರ್ಜರಿ ಅಂದ್ರೆ ತಕ್ಷಣ ಕೈಗೆತ್ಕೋತಾರೆ, ಹೌದು ಅಂದ್ರೋ ನನ್ನ ಹಾಗೇ, ಓದಿ ಸೈನ್ ಮಾಡ್ಬೇಕಿತ್ತು ಅಂತ ವಾಪಸ್ ಕಳಿಸ್ತಾರೆ, ವರ್ಷಗಟ್ಟಲೆ ಅಲೀತೀರಿ. ಅಲ್ಲ. ಎಷ್ಟು ಸುಲಭ, ಒಂದು ಗೀಟು, ವಕೀಲರ ಬೆಣ್ಣೆ ಕರಗಿ ನೀರು, ಹಾ, ಠಪ್, ಫೋಟೋ, ಪಿಟೀಲು ನೋಡುತ್ತಾಳೆ, ನೋಡಿ — ನೋಡಿ ನಂಬುತ್ತಾಳೆಯೇ? ನನ್ನ ಸಹಿಯ ಬಾಲವನ್ನು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು, ಐದನೇ ಕ್ಲಾಸಿನಲ್ಲಿ ಗಣಿತದ ಮಾರ್ಕ್ಸ್ ಕಾರ್ಡಿಗೆ ನನ್ನ ಸಹಿಯನ್ನು ಅವಳೇ ಹಾಕಿದ್ದಳು, ಎರಡು ಸುತ್ತು, ಒಂದು ಎಳೆತ, ಟೀಚರ್‌ಗೂ ಗೊತ್ತಾಗಿರಲಿಲ್ಲ, ನನಗೆ ಮಾತ್ರ ಗೊತ್ತಾಯಿತು, ಬಯ್ಯುವ ಬದಲು ಭೇಷ್ ಅಂದೆ, ಅಪ್ಪಾ ಎರಡನೇ ಸುತ್ತು ನೀನು ಯಾವಾಗಲೂ ಅವಸರದಲ್ಲಿ ಹಾಕ್ತೀಯ, ಅದೇ ಕಷ್ಟ, ಅಂದಿದ್ದಳು. ಅಲ್ಲ ಅಂತ ಬರೆದರೆ ಅವಳಿಗೆ ಸುಳ್ಳು ಬರೆದು ಅದಕ್ಕೆ ಮೊಹರನ್ನೂ ಒತ್ತಿಸಿದ ಹಾಗೆ. ಏನ್ರೀ, ಟೈಮಾಯ್ತು, ಮೇಡಂ ಕಿಟಕಿಯ ಚಿಲಕಕ್ಕೆ ಕೈ ಹಾಕುತ್ತಾರೆ. ಹೌದು ಅನ್ನುವ ಚೌಕದಲ್ಲಿ ಗೀಟು ಎಳೆದೆ, ಮೇಷ್ಟ್ರು ಚ್ ಅಂದರು, ಪಕ್ಕದ ಒಂದೂವರೆ ಸಾಲಿನ ಜಾಗದಲ್ಲಿ ಒತ್ತೊತ್ತಾಗಿ ಬರೆದೆ, ನನ್ನದೇ ಸಹಿ, ಹಾಕಿದಾಗ ಹಾಳೆ ಖಾಲಿ ಇತ್ತು, ಓದಲು ಅದರಲ್ಲಿ ಏನೂ ಇರಲಿಲ್ಲ, ರಜೆ ಉಳಿಸಲು ಹಾಕಿದೆ, ತಪ್ಪು ನನ್ನದೂ ಇದೆ. ಮೇಡಂ ಓದಿದರು, ಕನ್ನಡಕದ ಮೇಲಿಂದ ಒಮ್ಮೆ ನನ್ನನ್ನು ನೋಡಿದರು, ಮೊಹರು ಎತ್ತಿಕೊಂಡು ಹಾ ಅಂದರು, ಸೈನ್ ಮಾಡಿ, ಕೆಳಗೆ, ಬಲಗಡೆ, ಹಾಗನ್ನುತ್ತ ತೋರಿಸಲು ಬೆರಳಿಟ್ಟರು, ಪೆನ್ನು ಇಳಿಸಿದೆ, ಮೊದಲ ಸುತ್ತು ನಿಧಾನ, ಎರಡನೇ ಸುತ್ತು, ಅವಸರ ಬೇಡ, ಅವಸರ ಬೇಡ, ಬಾಲ ಎಳೆಯಬೇಕು, ಎಳೆಯಬೇಕಾದ ಜಾಗದಲ್ಲಿ ಬೆರಳು, ಮೇಡಂ ಕೈ ಹಿಂದಕ್ಕೆ ತೆಗೆದಾಗಿದೆ, ಆದರೂ ಬೆರಳು, ಅರ್ಧ ಕಿತ್ತುಹೋದ ನೀಲಿ, ನಿಂದೇ ಅಲ್ವಾ, ಹೌದಮ್ಮಾ, ನಂದೇ, ಅರ್ಧ ಕಿತ್ತುಹೋದ ನೀಲಿ ಉಗುರು