ಯೂನಿಫಾರಂ ತೊಟ್ಟ ಬೀದಿ

ಸರ್ಕಲ್ಲಿನ ನಟ್ಟನಡುವೆ ಬಸ್ಸು ನಿಂತುಬಿಟ್ಟಿತ್ತು. ಎಂಜಿನ್ ಆಫ್. ಹಿಂದಿನ ಗಾಡಿಗಳೆಲ್ಲ ಒಂದೇ ಸಮ ಹಾರ್ನ್ ಬಡಿಯುತ್ತಿದ್ದವು. ಎದುರಿಗಿದ್ದ ಟ್ರಾಫಿಕ್ ಪೊಲೀಸಿನವನು 'ಬಾ, ಬಾ' ಎಂದು ಕೈ ಬೀಸಿ ಬೀಸಿ ಸೋತಿದ್ದ. ಡ್ರೈವರ್ ಸೀಟಿನಲ್ಲಿದ್ದ ಹೆಂಗಸು ಮಾತ್ರ ಎರಡೂ ಅಂಗೈಗಳನ್ನು ಸ್ಟೇರಿಂಗಿನ ನೆತ್ತಿಯ ಮೇಲೆ ಚಪ್ಪಟೆಯಾಗಿ ಇಟ್ಟು, ತಲೆ ತಗ್ಗಿಸಿ ಕೂತಿದ್ದಳು.

ಡ್ರೈವಿಂಗ್ ಪರೀಕ್ಷೆ ಮಾಡಲು ಬಂದಿದ್ದ ಅಧಿಕಾರಿ ಹಾಳೆಯ ಮೇಲೆ ಅಡ್ಡಗೆರೆ ಎಳೆದು ಇಳಿದುಹೋದರು. ಅವಳಿಗೆ ಬಸ್ಸು ಕಲಿಸುತ್ತಿದ್ದ ಸ್ಟೇರಿಂಗಜ್ಜ ಹಿಂದಿನ ಸೀಟಿನಿಂದ ಎಲ್ಲವನ್ನೂ ನೋಡಿದ್ದ. ಹೋದ ಸಲ ಅವಳು ಫೇಲಾದಾಗ ಅವನು ಜೊತೆಗಿರಲಿಲ್ಲ. ಕ್ಲಚ್ಚಿನದೇ ತಪ್ಪಿರಬೇಕು ಎಂದುಕೊಂಡು ದಿನಗಟ್ಟಲೆ ಕ್ಲಚ್ಚು ತುಳಿಸಿದ್ದ. ಇದು ಕ್ಲಚ್ಚಿನ ರೋಗವಲ್ಲ ಎಂದು ಈಗ ಗೊತ್ತಾಯಿತು.

ಬಸ್ಸು ಓಡಿಸಿಯೇ ಕೂದಲು ನರೆಸಿಕೊಂಡ ಅಜ್ಜನ ಮಹಡಿ ಮನೆಗೆ ಈ ಹೆಂಗಸು, ಅವಳ ಅತ್ತೆ, ಇಬ್ಬರು ಹೆಣ್ಣುಮಕ್ಕಳು ಹೋದ ವರ್ಷ ಬಂದಿದ್ದರು. ಯುದ್ಧ ಅವರ ಊರನ್ನು ನುಂಗಿ ನೀರು ಕುಡಿದಿತ್ತು. ಅಲ್ಲಿ ಹಾಲಿನ ಲಾರಿ ಓಡಿಸುತ್ತಿದ್ದಳು ಎಂದು ತಿಳಿದ ದಿನದಿಂದ ಬೀದಿಗೆಲ್ಲ ಅವಳು ಲಾರಿಯಮ್ಮ. ಡಿಪೋದಲ್ಲಿ ಒಬ್ಬ ಡ್ರೈವರು ಬೇಕಾಗಿತ್ತು. ಪರೀಕ್ಷೆ ಪಾಸಾದರೆ ಆ ಕೆಲಸ ಅವಳದು, ಕುಟುಂಬ ಇದೇ ಬೀದಿಯಲ್ಲಿ ಬೇರು ಬಿಡಬಹುದು. ಇಲ್ಲವಾದರೆ ಎಲ್ಲೋ ದೂರದ ಶಿಬಿರಕ್ಕೆ ಮತ್ತೆ ಗಂಟುಮೂಟೆ. ಇನ್ನೊಂದೇ ಅವಕಾಶ ಉಳಿದಿತ್ತು.

"ಅಲ್ಲಮ್ಮ, ಅವನು ಹೋಗು ಅಂತಾನೇ ಕೈ ಬೀಸ್ತಿದ್ದ. ನೀನ್ಯಾಕೆ ನಿಲ್ಲಿಸ್ದೆ?" ಮನೆಗೆ ಬಂದ ಮೇಲೆ ಅಜ್ಜ ಮೆಲ್ಲಗೆ ಕೇಳಿದ.

"ನಮ್ಮಲ್ಲಿ ಯೂನಿಫಾರಂ ಕಂಡ್ರೆ ಹಾಗೇ ಅಪ್ಪಾಜಿ. ಎಂಜಿನ್ ಆಫ್. ಕೈ ಮೇಲೆ, ಕಾಣೋ ಹಾಗೆ. ಮುಖ ನೋಡ್ಬಾರ್ದು. ನನ್ನ ಗಂಡ ಒಂದ್ಸಲ ಮುಖ ನೋಡಿದ." ಅವಳು ಸೆರಗಿಲ್ಲದ ಹೆಗಲನ್ನು ಸುಮ್ಮನೆ ಸವರಿಕೊಂಡಳು. "ಇದು ಬೇರೆ ಊರು ಅಂತ ತಲೆಗೆ ಗೊತ್ತು. ಕೈಗೆ ಗೊತ್ತಿಲ್ಲ."

ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಅಜ್ಜಿ ಹಲ್ಲಿನಲ್ಲಿ ದಾರ ಕಡಿದಳು. "ಹಾಗಾದ್ರೆ ಕೈಗೇ ಪಾಠ ಹೇಳ್ಬೇಕು. ರೀ, ನಿಮ್ಮ ಹಳೇ ಯೂನಿಫಾರಂ ಎಲ್ಲಿ?"

"ಟ್ರಂಕಲ್ಲಿದೆ. ಈಗ ಹಿಡಿಸಲ್ಲ ಕಣೇ."

"ನಿಮಗೆ ರಿಟೈರ್‌ಮೆಂಟು, ಹೊಟ್ಟೆಗೆ ಪ್ರಮೋಷನ್ನು. ತನ್ನಿ ಇಲ್ಲಿ, ಪಕ್ಕಕ್ಕೆ ಪಟ್ಟಿ ಕೊಡ್ತೀನಿ."

ಸುದ್ದಿ ಬೀದಿಗೆ ಹಬ್ಬಿತು. ಹಳೇ ಪೋಸ್ಟ್‌ಮ್ಯಾನ್ ಬಂದ, ಬ್ಯಾಂಕಿನ ವಾಚ್‌ಮನ್ ಬಂದ, ಬ್ಯಾಂಡಿನವನು ಭುಜದ ಮೇಲೆ ಕುಚ್ಚು ಜೋತಾಡಿಸಿಕೊಂಡು ಬಂದ. ಎಲ್ಲರ ಬಟ್ಟೆಗೂ ಅಜ್ಜಿ ಪಟ್ಟಿ ಕೊಟ್ಟಳು. ಡಿಪೋದ ಮ್ಯಾನೇಜರು ಅಜ್ಜನ ಕೈಯಲ್ಲಿ ಪಳಗಿದವನು. ಕಲಿಯುವವರ ಬಸ್ಸು ಕೊಟ್ಟ. ಮುದುಕರೆಲ್ಲ ತಿರುವಿಗೊಬ್ಬರಂತೆ ನಿಂತು ಕೈ ಬೀಸತೊಡಗಿದರು.

ಮೊದಲ ದಿನ ಬಸ್ಸು ತಿರುವು ತಿರುವಿಗೂ ಸತ್ತು ನಿಂತಿತು. ಪೋಸ್ಟ್‌ಮ್ಯಾನ್ ಅವಳ ಕಿಟಕಿಯ ಕೆಳಗೆ ಬಂದು ಕತ್ತೆತ್ತಿ ನಿಂತ.

"ಮುಖ ನೋಡು ಲಾರಿಯಮ್ಮ, ಪರವಾಗಿಲ್ಲ. ಈ ಮೂಗಿಗಿಂತ ಭಯಂಕರವಾದದ್ದು ಈ ಬೀದೀಲಿ ಇನ್ನೇನೂ ಇಲ್ಲ."

ಅವಳು ನೋಡಲಿಲ್ಲ. ಮರುದಿನ ಮೂಗಿನವರೆಗೆ ನೋಡಿದಳು. ಆಮೇಲೆ ಎಂಜಿನ್ ಆರಲಿಲ್ಲ, ಬಸ್ಸು ಬರೀ ನಿಧಾನವಾಯಿತು. ಒಂದು ಬೆಳಿಗ್ಗೆ ಬ್ಯಾಂಡಿನವನು ಸೆಲ್ಯೂಟ್ ಹೊಡೆಯಲು ಹೋಗಿ ತನ್ನ ಟೋಪಿಯನ್ನೇ ಬೀಳಿಸಿಕೊಂಡ. ಅವಳು ನಕ್ಕುಕೊಂಡೇ ಗೇರ್ ಬದಲಿಸಿ ಮುಂದೆ ಹೋದಳು. ಅವಳ ನಗುವನ್ನು ಬೀದಿ ಕೇಳಿದ್ದು ಅದೇ ಮೊದಲು.

ಪರೀಕ್ಷೆಯ ದಿನ ಅದೇ ಅಧಿಕಾರಿ. ಅಜ್ಜ ಹಿಂದಿನ ಸೀಟಿನ ಕಂಬಿ ಹಿಡಿದು ಕೂತ. ಸರ್ಕಲ್ ಬಂತು. ಪೊಲೀಸಿನವನು ಕೈ ಬೀಸಿದ, ಬಸ್ಸು ನೀರಿನ ಹಾಗೆ ದಾಟಿತು. ಅಜ್ಜ ಉಸಿರು ಬಿಡುವಷ್ಟರಲ್ಲಿ ಶಾಲೆಯ ತಿರುವು ಎದುರಾಯಿತು. ಅಲ್ಲಿದ್ದ ಪೊಲೀಸಿನವನು ಬಸ್ಸಿನ ಕಡೆಗೆ ಅಂಗೈ ಚಾಚಿದ. ನಿಲ್ಲು.

ಅಜ್ಜ ಸೀಟಿನಿಂದ ಅರ್ಧ ಎದ್ದ. ಇಷ್ಟು ದಿನ ಮುದುಕರೆಲ್ಲ ಸೇರಿ 'ಹೋಗು' ಎಂದು ಮಾತ್ರ ಕಲಿಸಿದ್ದರು. 'ನಿಲ್ಲು' ಎನ್ನುವುದು ಯಾರ ತಲೆಗೂ ಹೊಳೆದಿರಲಿಲ್ಲ.

ಬಸ್ಸು ನಿಂತಿತು. ಅವಳ ಎಡಗೈ ಸ್ಟೇರಿಂಗಿನ ಮೇಲಕ್ಕೆ ಜರುಗಿತು. ಅಧಿಕಾರಿ ಅದನ್ನೇ ನೋಡುತ್ತಿದ್ದರು. ಜರುಗಿದ ಕೈ ಅರ್ಧದಲ್ಲೇ ನಿಂತಿತು, ಬೆರಳುಗಳು ಚಕ್ರವನ್ನು ಬಿಗಿಯಾಗಿ ಹಿಡಿದವು. ಎಂಜಿನ್ ಗುರುಗುಡುತ್ತಲೇ ಇತ್ತು. ಮಕ್ಕಳ ಸಾಲು ರಸ್ತೆ ದಾಟಿತು. ಕನ್ನಡಿಯಲ್ಲಿ ಅಜ್ಜನಿಗೆ ಅವಳ ಕಣ್ಣುಗಳು ಕಂಡವು. ಅವು ನೆಟ್ಟಗೆ ಪೊಲೀಸಿನವನ ಮುಖದ ಮೇಲಿದ್ದವು.

ಮಕ್ಕಳೆಲ್ಲ ದಾಟಿದರೂ ಅವನು ದಾರಿ ಬಿಡಲಿಲ್ಲ. ಯಾರೋ ಗುರುತಿನವರು ಸಿಕ್ಕಿದ್ದರು, ಬಸ್ಸಿಗೆ ಬೆನ್ನು ಹಾಕಿ ಹರಟುತ್ತ ನಿಂತುಬಿಟ್ಟ.

ಲಾರಿಯಮ್ಮ ಒಂದು ಗಳಿಗೆ ಕಾದಳು. ಇನ್ನೊಂದು ಗಳಿಗೆ ಕಾದಳು. ಆಮೇಲೆ ಹಾರ್ನ್ ಒತ್ತಿದಳು.

ಪೊಲೀಸಿನವನು ಬೆಚ್ಚಿ ತಿರುಗಿದ. "ಸಾರಿಮ್ಮ, ಸಾರಿ," ಎನ್ನುತ್ತ ಪಕ್ಕಕ್ಕೆ ಹಾರಿದ.

ಅಧಿಕಾರಿ ಕೆಮ್ಮಿದರೋ ನಕ್ಕರೋ ತಿಳಿಯಲಿಲ್ಲ. "ಸಾಕು, ಡಿಪೋಗೆ ನಡೀರಿ. ಸೋಮವಾರದಿಂದ ಈ ರೂಟು ನಿಮ್ಮದೇ ಅಲ್ವಾ, ತಿರುವುಗಳ್ನೆಲ್ಲ ಸರಿಯಾಗಿ ನೋಡಿಟ್ಕೊಳ್ಳಿ."

ಅವಳು ಬಲಕ್ಕೆ ಸಿಗ್ನಲ್ ಹಾಕಿ ದೊಡ್ಡ ಬಸ್ಸನ್ನು ಮೆಲ್ಲಗೆ ತಿರುಗಿಸಿದಳು. ತಿರುವು ಮುಗಿದ ಮೇಲೆ ಹಿಡಿತ ಸಡಿಲಿಸಿದಳು. ಸ್ಟೇರಿಂಗ್ ಅವಳ ಅಂಗೈಗಳೊಳಗೆ ಜಾರುತ್ತ, ಜಾರುತ್ತ ತಾನಾಗಿಯೇ ನೇರಕ್ಕೆ ಬಂತು.