ಹಿಂಬಾಗಿಲ ಎಡದೀಪ

ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತರಾದವರು. ತಂತಿ ಎಲ್ಲಿ ಹೋಯಿತು, ಎಲ್ಲಿ ಸಿಕ್ಕುಬಿತ್ತು ಎಂಬುದನ್ನು ಅವರ ಬೆರಳೇ ಹೇಳುತ್ತಿತ್ತು. ಆದರೆ ಹಿತ್ತಲ ಗಿಡ ಮದ್ದಲ್ಲ ನೋಡಿ, ಮನೆಯಲ್ಲಿ ಫ್ಯಾನು ನಿಂತರೂ ಮಗ ಹೊರಗಿನವರಿಗೇ ಫೋನು ಹಚ್ಚುತ್ತಿದ್ದ. ಅತ್ತೆಯ ಕೈ ಬೆಲೆ ಗೊತ್ತಿದ್ದವಳು ಸೊಸೆಯೊಬ್ಬಳೇ.

ಭಾನುವಾರ ಬೆಳಿಗ್ಗೆ ಅವಳು ಒಂದು ರಟ್ಟಿನ ಡಬ್ಬಿ ತಂದು ಅತ್ತೆಯ ಮುಂದಿಟ್ಟಳು. ಒಳಗೆ ಆರು ಎಲ್‌ಇಡಿ ಬಲ್ಬು. ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ನರ್ಸು ಅವಳು. ಹದಿನೆಂಟು ವರ್ಷದ ಹಳೇ ಕಾರೇ ಅವಳ ಕೈಕಾಲು. ಹಿಂದಿನ ದೀಪಗಳು ಮಂಕಾಗಿದ್ದವು. ಮೊನ್ನೆ ಮಂಜಿನಲ್ಲಿ ಬ್ರೇಕ್ ಹಾಕಿದಾಗ ಲಾರಿಯೊಂದು ಬೆನ್ನಿಗೇ ಬಂದು ಕಿರ್‍ರೆಂದು ನಿಂತಿತ್ತು.

"ಮೂಲೆ ಗ್ಯಾರೇಜಿನವನು ಆಗಲ್ಲ ಅಂದ, ಅತ್ತೆ."

"ಅವನು ಯಾವುದಕ್ಕೆ ಆಗುತ್ತೆ ಅಂದಿದ್ದಾನೆ?"

ನಿಜ. ಬೀದಿಯವರು ಆ ಮೆಕ್ಯಾನಿಕ್ಕಿಗೆ ಇಟ್ಟ ಹೆಸರೇ ಆಗಲ್ಲಪ್ಪ.

"ಎಲ್‌ಇಡಿ ಹಾಕಿದರೆ ಈ ಕಾರು ಬಡ್ಕೊಳ್ಳುತ್ತಂತೆ."

"ಬಡ್ಕೊಂಡರೆ ಯಾಕಮ್ಮಾ ಅಂತ ಕೇಳೋಣ. ಸ್ಕ್ರೂಡ್ರೈವರ್ ತಗೊಂಡು ಬಾ."

ದೀಪಗಳೆಲ್ಲ ಕಾರಿನ ಹಿಂಬಾಗಿಲಿಗೇ ಕೂಡಿಕೊಂಡಿದ್ದವು. ಬಾಗಿಲನ್ನು ಮೇಲೆತ್ತಿ, ಒಳಗಿನ ಹೊದಿಕೆ ಬಿಚ್ಚಿ, ಅತ್ತೆ ಕಾಲು ಗಂಟೆಯಲ್ಲಿ ಆರೂ ಬಲ್ಬು ಬದಲಾಯಿಸಿದರು: ಬ್ರೇಕಿಗೆ ಎರಡು, ಪಾರ್ಕಿಂಗಿಗೆ ಎರಡು, ನಂಬರ್ ಪ್ಲೇಟಿಗೆ ಎರಡು. ಸೊಸೆ ಕೀ ತಿರುಗಿಸಿದಳು. ಸ್ಟೀರಿಂಗ್ ಹಿಂದಿನ ಪುಟ್ಟ ಪರದೆಯಲ್ಲಿ ದೂರು ಸಾಲುಗಟ್ಟಿತು. ಎಡ ಬ್ರೇಕ್ ದೀಪ ಕೆಟ್ಟಿದೆ, ಬಲ ಬ್ರೇಕ್ ದೀಪ ಕೆಟ್ಟಿದೆ, ಎಡ ಪಾರ್ಕಿಂಗ್ ಕೆಟ್ಟಿದೆ... ಹಿಂದೆ ನೋಡಿದರೆ ದೀಪಗಳು ಝಗಮಗ.

"ಉರಿಯೋ ದೀಪವನ್ನೇ ಕೆಟ್ಟಿದೆ ಅಂತಿದೆಯಲ್ಲ!"

"ಪಾಪ, ಅದರ ತಪ್ಪಲ್ಲ," ಎಂದರು ಅತ್ತೆ. "ಪ್ರತಿ ದೀಪ ಎಷ್ಟು ಕರೆಂಟು ಕುಡೀತು ಅಂತ ಇದು ಅಳೀತಾ ಇರುತ್ತೆ. ಹಳೇ ಬಲ್ಬು ಚೊಂಬುಗಟ್ಟಲೆ ಕುಡಿಯೋದು, ಎಲ್‌ಇಡಿಗೆ ಒಂದು ಗುಟುಕು ಸಾಕು. ಇಷ್ಟು ಕಮ್ಮಿ ಕುಡಿಯೋದು ಸತ್ತೇ ಹೋಗಿರಬೇಕು ಅಂತ ಇದರ ಲೆಕ್ಕ."

"ನಾಡಿ ಸಣ್ಣಗಿದ್ದರೆ ಮನೆಯವರು ಅಳೋಕೆ ಶುರು ಮಾಡ್ತಾರಲ್ಲ, ಹಾಗೆ."

"ಹೂಂ, ಹಾಗೇ."

ಅತ್ತೆ ಬಿಡಿಭಾಗದ ಅಂಗಡಿಯಿಂದ ಆರು ರೆಸಿಸ್ಟರ್ ತರಿಸಿದರು. ಹೆಬ್ಬೆರಳು ಗಾತ್ರದ ಲೋಹದ ತುಂಡುಗಳು. ದೀಪದ ಪಕ್ಕದಲ್ಲಿ ಕೂತು ಉಳಿದ ಕರೆಂಟನ್ನು ಕುಡಿದು ಬಿಸಿಯಾಗುವುದೇ ಅವುಗಳ ಕೆಲಸ. ಮೊದಲನೆಯದನ್ನು ಅತ್ತೆ ಪ್ಲಾಸ್ಟಿಕ್ ಹೊದಿಕೆಗೆ ಟೇಪಿನಿಂದ ಅಂಟಿಸಿದರು. ಐದೇ ನಿಮಿಷಕ್ಕೆ ಸುಟ್ಟ ವಾಸನೆ ಬಂತು. ಪ್ಲಾಸ್ಟಿಕ್ಕು ಹಪ್ಪಳದ ಹಾಗೆ ಮುರುಟಿತ್ತು.

"ಏನೇ ಅದು ವಾಸನೆ?" ಜಗಲಿಯಲ್ಲಿ ಪೇಪರ್ ಓದುತ್ತಿದ್ದ ಮಾವ ತಲೆಯೆತ್ತಿದರು.

"ನನ್ನ ಜಾಣತನದ್ದು," ಎಂದು ಅತ್ತೆ ಆರನ್ನೂ ಬಾಗಿಲಿನ ಕಬ್ಬಿಣದ ಮೈಗೇ ಸ್ಕ್ರೂ ಹಾಕಿ ಕೂರಿಸಿದರು.

ಪರದೆಯಿಂದ ದೂರುಗಳು ಒಂದೊಂದಾಗಿ ಅಳಿದವು. ಅತ್ತೆ ಬಾಗಿಲು ಮುಚ್ಚಿ, ಕೈ ಒರೆಸಿಕೊಂಡು, ನಾಳೆಯಿಂದ ರಾಣಿ ಹಾಗೆ ಹೋಗು ಎನ್ನುವಷ್ಟರಲ್ಲಿ ಸೊಸೆ ಕೂಗಿದಳು. "ಅತ್ತೆ, ಎಡ ಬ್ರೇಕ್ ದೀಪ ಮತ್ತೆ ಬಂತು!"

ಅಷ್ಟರಲ್ಲಿ ಆಗಲ್ಲಪ್ಪ ಬೆನ್ನ ಹಿಂದೆ ಕೈಕಟ್ಟಿಕೊಂಡು ಗೇಟಿಗೆ ಬಂದಿದ್ದ. "ನಾನು ಹೇಳಿರಲಿಲ್ವಾ? ಇನ್ನೊಂದು ರೆಸಿಸ್ಟರ್ ಜಡೀರಿ, ಬಾಯಿ ಮುಚ್ಚುತ್ತೆ."

ಅತ್ತೆಯ ಕೈ ಸ್ಕ್ರೂಡ್ರೈವರಿನ ಕಡೆಗೆ ಹೋಗಿಯೂ ಇತ್ತು. ಆದರೆ ಒಂದೇ ತರದ ಎರಡು ದೀಪ, ಒಂದೇ ತರದ ಎರಡು ರೆಸಿಸ್ಟರ್; ಬಲಕ್ಕೆ ಒಪ್ಪಿದ್ದು ಎಡಕ್ಕೆ ಯಾಕೆ ಒಪ್ಪಲಿಲ್ಲ? ಅವರು ಎಡಗಡೆಯ ಎಲ್‌ಇಡಿ, ರೆಸಿಸ್ಟರ್ ಎರಡನ್ನೂ ತೆಗೆದು ಹಳೇ ಬಲ್ಬನ್ನೇ ಹಾಕಿದರು. ಬಾಗಿಲು ಮುಚ್ಚಿದ ಕೂಡಲೇ ದೂರು ಬಂತು.

"ನೋಡಿದ್ರಾ?" ಎಂದರು ಅತ್ತೆ. " ಹಳೇ ಬಲ್ಬಿಗೂ ಅದೇ ಹಾಡು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕೋಕೆ ಹೊರಟಿದ್ವಿ. ರೀ, ಸ್ವಲ್ಪ ಹಿಂದೆ ನಿಂತ್ಕೊಳ್ಳಿ."

ಮಾವ ಪೇಪರ್ ಮಡಚಿ ಕಾರಿನ ಹಿಂದೆ ನಿಂತರು. ಸೊಸೆ ಬ್ರೇಕ್ ಒತ್ತಿ ಹಿಡಿದಳು. ಬಾಗಿಲು ಎತ್ತಿದಾಗ, "ಉರೀತಿದೆ," ಎಂದರು. ಇಳಿಸಿದಾಗ, "ಅಯ್ಯೋ, ಎಡಗಡೇದು ಹೋಯ್ತಲ್ಲೇ!"

ಅತ್ತೆಗೆ ಅಷ್ಟು ಸಾಕಾಯಿತು. ಕಾರಿನ ಮೈಯಿಂದ ಬಾಗಿಲಿಗೆ ತಂತಿಗಳು ಹೋಗುವುದು ಕೀಲಿನ ಪಕ್ಕದ ರಬ್ಬರ್ ಕೊಳವೆಯಲ್ಲಿ. ಅದನ್ನು ಹಿಂದಕ್ಕೆಳೆದು ಅವರು ಒಂದೊಂದೇ ತಂತಿಯನ್ನು ಬೆರಳಲ್ಲಿ ಹೊರಳಿಸಿದರು. ಮೂರನೆಯದು ಎಲುಬಿಲ್ಲದ ಬೆರಳಿನ ಹಾಗೆ ಬಗ್ಗಿತು. ಮೇಲಿನ ಸಿಪ್ಪೆ ಗಟ್ಟಿಯಿತ್ತು, ಒಳಗಿನ ತಾಮ್ರ ತುಂಡಾಗಿತ್ತು. ಬಾಗಿಲು ಎತ್ತಿದರೆ ತುದಿಗಳು ತಾಕುತ್ತಿದ್ದವು, ಇಳಿಸಿದರೆ ದೂರವಾಗುತ್ತಿದ್ದವು.

ಸೊಸೆ ಸೀಟಿನಿಂದ ಇಳಿದು ಬಂದಳು. ಮುಖ ಸಣ್ಣಗಾಗಿತ್ತು. "ಇದೊಂದು ದೂರು ಮೊದಲೂ ಬರ್ತಿತ್ತು, ಅತ್ತೆ. ಎರಡು ತಿಂಗಳಿಂದ, ಆಗಾಗ."

"ಯಾರಿಗೂ ಹೇಳಲಿಲ್ವಾ?"

ಸೊಸೆ ಗೇಟಿನ ಕಡೆ ನೋಡಿದಳು. ಆಗಲ್ಲಪ್ಪ ಕೆಮ್ಮಿದ. "ಹಳೇ ಕಾರು, ಸುಮ್ಮನೆ ಬಡ್ಕೊಳ್ಳುತ್ತೆ ಅಂದ್ಕೊಂಡೆ, ಅಕ್ಕಾ."

ಅತ್ತೆ ಮೆಟ್ಟಿಲ ಮೇಲೆ ಕೂತರು. ಮಂಜು, ಲಾರಿ, ಎರಡು ತಿಂಗಳು. ಆಮೇಲೆ ಎದ್ದು, "ನಿಮ್ಮನ್ನೊಬ್ಬರನ್ನೇ ಅಂದು ಏನು ಬಂತು? ನಾನೂ ಇವತ್ತು ಅದರ ಬಾಯಿ ಮುಚ್ಚಿಸೋಕೇ ಹೊರಟಿದ್ದೆ. ನಿಮ್ಮ ಹತ್ತಿರ ಬೆಸುಗೆ ಹಾಕೋ ಕಡ್ಡಿ ಇದ್ಯಾ?" ಎಂದರು.

ಅವನು ಓಡಿಹೋಗಿ ತಂದ. ಅತ್ತೆ ಮುರಿದ ಭಾಗ ಕತ್ತರಿಸಿ, ಹೊಸ ತಂತಿ ಬೆಸೆದು, ಮೇಲೆ ಕವಚ ಹಾಕಿದರು. ಮಾವ ಹತ್ತು ಸಲ ಬಾಗಿಲು ಎತ್ತಿ ಇಳಿಸಿದರು. ದೀಪ ರೆಪ್ಪೆ ಮಿಟುಕಿಸಲಿಲ್ಲ.

ಅತ್ತೆ ಬಲಗಡೆಯ ಬ್ರೇಕಿನ ಎಲ್‌ಇಡಿಯನ್ನೂ ರೆಸಿಸ್ಟರನ್ನೂ ಬಿಚ್ಚಿ, ಅಲ್ಲೂ ಹಳೇ ಬಲ್ಬನ್ನೇ ಹಾಕಿದರು.

"ಅದ್ಯಾಕೆ? ಚೆನ್ನಾಗೇ ಇತ್ತಲ್ಲ!" ಸೊಸೆಗೆ ನಿರಾಸೆ.

"ನಾಳೆ ಎಲ್‌ಇಡಿ ಸತ್ತರೂ ರೆಸಿಸ್ಟರ್ ಕುಡೀತಾನೇ ಇರುತ್ತೆ ಕಣೇ. ಎಲ್ಲ ಸರಿ ಇದೆ ಅಂತ ಕಾರು ತೆಪ್ಪಗಿರುತ್ತೆ. ನಂಬರ್ ಪ್ಲೇಟಿಗೆ ಆ ಸುಳ್ಳು ನಡೆಯುತ್ತೆ, ಪಾರ್ಕಿಂಗ್ ದೀಪವನ್ನ ವಾರಕ್ಕೊಂದು ಸಲ ನಾನೇ ಇಳಿದು ನೋಡ್ತೀನಿ. ಬ್ರೇಕಿಗೆ ಬೇಡ. ನೀನು ಓಡಿಸುವಾಗ ನಿನ್ನ ಬೆನ್ನು ನಿನಗೆ ಕಾಣಲ್ಲ. ಅದೊಂದು ಕಡೆ ಕಾರು ನಿಜ ಹೇಳಲಿ."

"ಮಂಕಾಗಿರುತ್ತಲ್ಲ, ಅತ್ತೆ."

ಅತ್ತೆ ಕೆಂಪು ಗಾಜುಗಳನ್ನು ಬಿಚ್ಚಿ ತಂದು, ಸಾಬೂನು ನೀರಿನಲ್ಲಿ ಅದ್ದಿ ಹಳೇ ಟೂತ್‌ಬ್ರಷ್ಷಿನಿಂದ ತಿಕ್ಕಿದರು. ಹದಿನೆಂಟು ವರ್ಷದ ಧೂಳು ಕಾಫಿ ಬಣ್ಣದ ನೀರಾಗಿ ಇಳಿಯಿತು. ಒರೆಸಿ ಕೂರಿಸಿ, ಮುಸ್ಸಂಜೆಯ ಮಬ್ಬಿನಲ್ಲಿ ಬ್ರೇಕ್ ಒತ್ತಿಸಿದಾಗ ಎದುರುಗೋಡೆ ಪೂರಾ ಕೆಂಪಾಯಿತು.

"ಇದನ್ನ ಮೊದಲೇ ತೊಳೆದಿದ್ದರೆ?" ಎಂದರು ಮಾವ.

"ಆ ತಂತಿ ಸಿಗ್ತಿರಲಿಲ್ಲ," ಎಂದು ಅತ್ತೆ ಸೊಸೆಯನ್ನು ಪಕ್ಕದ ಸೀಟಿಗೆ ಸರಿಸಿ, ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಪೆಡಲ್ ಒತ್ತಿ, ಒಂದು ಸುತ್ತು ಓಡಿಸಿ ನೋಡಲು ಕಾರನ್ನು ತಾವೇ ಬೀದಿಗಿಳಿಸಿದರು.